ಎರಡೂವರೆ ಕಿಲೋಮೀಟರ್ ಓಡಿದ ಹುಡುಗ

ಮಾರ್ಕಸ್ ಲ್ಯಾಟಿಮೋರ್ ತನ್ನ ಕಾಲೇಜು ದಿನಗಳಲ್ಲಿ ಚೆಂಡು ಹೊತ್ತು ಓಡಿದ್ದನ್ನೆಲ್ಲ ಕೂಡಿಸಿದರೆ ಸಿಗುವುದು 2,677 ಗಜ. ಮೀಟರಿಗೆ ಇಳಿಸಿದರೆ ಎರಡೂವರೆ ಕಿಲೋಮೀಟರಿಗೂ ಒಂಚೂರು ಕಡಿಮೆ. ಬೆಳಗ್ಗೆ ವಾಕಿಂಗ್ ಹೋಗುವವರು ಹರಟೆ ಹೊಡೆಯುತ್ತಲೇ ಅರ್ಧ ಗಂಟೆಯಲ್ಲಿ ಮುಗಿಸುವ ದೂರ. ಈ ಹುಡುಗನಿಗೆ ಅದಕ್ಕೆ ಮೂರು ಸೀಸನ್ ಹಿಡಿಯಿತು. ಅಷ್ಟರಲ್ಲಿ ಎರಡೂ ಮಂಡಿ ಹೋಗಿದ್ದವು.

ಇದು ಅಮೆರಿಕದ ಫುಟ್‌ಬಾಲ್. ಹೆಸರಿನಲ್ಲಿ ಕಾಲಿದ್ದರೂ ಕೈಗೇ ಕೆಲಸ ಜಾಸ್ತಿ. ಒಂದೊಂದು ಕಡೆ ಹನ್ನೊಂದು ಜನ. ಲ್ಯಾಟಿಮೋರ್ ಆಡುತ್ತಿದ್ದದ್ದು ರನ್ನಿಂಗ್ ಬ್ಯಾಕ್ ಜಾಗದಲ್ಲಿ. ಚೆಂಡನ್ನು ಎದೆಗೆ ಅವುಚಿಕೊಂಡು ಎದುರು ತಂಡದ ಸಾಲಿನೊಳಗೆ ನುಗ್ಗುವುದೇ ಈ ಜಾಗದವನ ಮುಖ್ಯ ಕೆಲಸ. ಕಬಡ್ಡಿಯ ರೈಡರ್ ಇದ್ದ ಹಾಗೆ, ಆದರೆ ಹಿಡಿಯಲು ಬರುವವರು ಹೆಲ್ಮೆಟ್ ಹಾಕಿಕೊಂಡು ಓಡೋಡಿ ಬರುತ್ತಾರೆ. ಅಡ್ಡಡ್ಡ ಓಡಿದ್ದು ಲೆಕ್ಕಕ್ಕಿಲ್ಲ, ಮುಂದಕ್ಕೆ ಸಾಗಿದ ಗಜಗಳಷ್ಟೇ ಲೆಕ್ಕ. ಲ್ಯಾಟಿಮೋರ್ ಹೀಗೆ 555 ಸಲ ನುಗ್ಗಿದ. ಸರಾಸರಿ ತೆಗೆದರೆ ಒಂದು ಸಲಕ್ಕೆ ಹೆಚ್ಚುಕಡಿಮೆ ನಾಲ್ಕೂವರೆ ಮೀಟರ್. ಬಹುತೇಕ ಪ್ರತಿ ಓಟದ ಕೊನೆಗೂ ಯಾರಾದರೂ ಅವನನ್ನು ನೆಲಕ್ಕೆ ಕೆಡವಿದ್ದಾರೆ.

ಈ ನಾಲ್ಕೂವರೆ ಮೀಟರ್ ಸಣ್ಣದೇನಲ್ಲ. ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಗಳಿಸಿದರೆ ಚೆಂಡು ನಿಮ್ಮ ತಂಡದ ಬಳಿಯೇ ಉಳಿಯುತ್ತದೆ. ಸಲಕ್ಕೆ ಐದು ಗಜದ ಹತ್ತಿರ ತರುವವನೊಬ್ಬ ಇದ್ದರೆ ಕೋಚ್ ನಿಶ್ಚಿಂತೆಯಿಂದ ಇರಬಹುದು. 2010ರಲ್ಲಿ ಲ್ಯಾಟಿಮೋರ್ ಸೌತ್ ಕ್ಯಾರೊಲಿನಾ ವಿಶ್ವವಿದ್ಯಾಲಯಕ್ಕೆ ಬಂದಾಗ ಆಗಿದ್ದೂ ಅದೇ. ಮೊದಲ ವರ್ಷವೇ 1,197 ಗಜ, 17 ಟಚ್‌ಡೌನ್ (ಚೆಂಡನ್ನು ಎದುರು ತಂಡದ ಕೊನೆಯ ಗೆರೆ ದಾಟಿಸಿ ಅಂಕ ಗಳಿಸುವುದು). ಆ ನವೆಂಬರ್‌ನಲ್ಲಿ ಫ್ಲಾರಿಡಾ ವಿರುದ್ಧದ ಒಂದೇ ಪಂದ್ಯದಲ್ಲಿ 40 ಸಲ ಚೆಂಡು ಅವನ ಕೈಗೆ ಬಂತು, 212 ಗಜ ಓಡಿದ. ಆ ಗೆಲುವಿನಿಂದ ಅವನ ತಂಡ ತನ್ನ ಲೀಗ್‌ನ ಪೂರ್ವ ವಿಭಾಗದಲ್ಲಿ ಮೊದಲ ಬಾರಿಗೆ ಅಗ್ರಸ್ಥಾನಕ್ಕೇರಿತು. ಕೊಲಂಬಿಯಾ ನಗರದಲ್ಲಿರುವ ಆ ಕಾಲೇಜಿನ ಸ್ಟೇಡಿಯಂನಲ್ಲಿ ಆಗ 80,000 ಜನ ಕೂರುತ್ತಿದ್ದರು. ಕಾಲೇಜು ಪಂದ್ಯಕ್ಕೆ! ಹುಡುಗನಿಗೆ ಆಗ ಹತ್ತೊಂಬತ್ತು ವರ್ಷ.

40 ಸಲ ಎಂಬ ಸಂಖ್ಯೆಯ ಬಳಿ ಸ್ವಲ್ಪ ನಿಲ್ಲೋಣ. ಲ್ಯಾಟಿಮೋರ್ ತೂಕ ಸುಮಾರು ನೂರು ಕೆಜಿ. ಅಷ್ಟು ತೂಕದ ಮನುಷ್ಯ ಸೆಕೆಂಡಿಗೆ ಎಂಟು ಮೀಟರ್ ವೇಗದಲ್ಲಿ ಓಡುತ್ತಿದ್ದರೆ ಅವನ ಚಲನಶಕ್ತಿ 3,200 ಜೂಲ್. ಅದೇ ಮನುಷ್ಯನನ್ನು ಮೊದಲ ಮಹಡಿಯಿಂದ ಕೆಳಕ್ಕೆ ಬಿಟ್ಟರೆ ನೆಲ ಮುಟ್ಟುವಾಗ ಇರುವ ಶಕ್ತಿಯೂ ಹೆಚ್ಚುಕಡಿಮೆ ಇಷ್ಟೇ. ಎಲ್ಲ ಓಟದಲ್ಲೂ ಆ ವೇಗ ಬರುವುದಿಲ್ಲ, ನಿಜ. ಬಂದಾಗ ಮಾತ್ರ ಆ ಶಕ್ತಿಯನ್ನು ಎಲ್ಲೋ ಒಂದು ಕಡೆ ಇಳಿಸಲೇಬೇಕು. ನೆಲಕ್ಕೆ, ಎದುರಾಳಿಯ ಮೈಗೆ, ಇಲ್ಲವೇ ಸ್ವಂತ ಕೀಲುಗಳಿಗೆ.

ಒಳ್ಳೆಯ ರನ್ನಿಂಗ್ ಬ್ಯಾಕ್‌ನ ಕಲೆ ಇರುವುದು ಬರೀ ವೇಗದಲ್ಲಲ್ಲ, ತಿರುವಿನಲ್ಲಿ. ಓಡುತ್ತ ಓಡುತ್ತ ಒಂದು ಕಾಲನ್ನು ನೆಲಕ್ಕೆ ಊರಿ, ಮೈಯನ್ನು ಇನ್ನೊಂದು ದಿಕ್ಕಿಗೆ ಎಸೆಯಬೇಕು. ಆಗ ಊರಿದ ಕಾಲಿನ ಮೇಲೆ ದೇಹದ ತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ತೊಡೆಮೂಳೆ ಒಂದು ಕಡೆ ತಿರುಗುತ್ತದೆ, ಶೂ ಮೊಳೆಗಳು ನೆಲ ಕಚ್ಚಿಕೊಂಡಿರುವುದರಿಂದ ಮಂಡಿಯ ಕೆಳಗಿನ ಮೂಳೆ ಅಲ್ಲೇ ನಿಂತಿರುತ್ತದೆ. ಇವೆರಡೂ ಬೇರೆ ಬೇರೆ ದಾರಿ ಹಿಡಿಯದಂತೆ ತಡೆಯುವುದರಲ್ಲಿ ದೊಡ್ಡ ಪಾಲು ಮಂಡಿಯೊಳಗೆ ಓರೆಯಾಗಿ ಕೂತಿರುವ ಒಂದು ಪಟ್ಟಿಯದು. ಅದೇ ಎಸಿಎಲ್. ಉದ್ದ ಸುಮಾರು ಮೂರು ಸೆಂಟಿಮೀಟರ್, ದಪ್ಪ ಕಿರುಬೆರಳಿನಷ್ಟು. ಅಂದರೆ ಜನ ಎದ್ದು ಚಪ್ಪಾಳೆ ತಟ್ಟುವ ಆ ಮಿಂಚಿನ ತಿರುವೇ ಈ ಪಟ್ಟಿಯನ್ನು ಅತಿ ಹೆಚ್ಚು ಜಗ್ಗುವ ಕ್ಷಣ. ಪ್ರತಿಭೆ ಜಾಸ್ತಿಯಾದಷ್ಟೂ ಜಗ್ಗಾಟವೂ ಜಾಸ್ತಿ.

ಎಸಿಎಲ್ ಬಡಪಾಯಿಯೇನಲ್ಲ. ಎಳೆಯ ವಯಸ್ಸಿನವರ ಎಸಿಎಲ್ ಹರಿಯಬೇಕಾದರೆ ಸುಮಾರು 2,160 ನ್ಯೂಟನ್ ಬಲ ಬೇಕು ಎಂದು ಪ್ರಯೋಗಶಾಲೆಯಲ್ಲಿ ಎಳೆದು ನೋಡಿದವರು ಲೆಕ್ಕ ಕೊಟ್ಟಿದ್ದಾರೆ. 220 ಕೆಜಿ ತೂಕವನ್ನು ಅದಕ್ಕೆ ತೂಗುಹಾಕಿದ ಹಾಗೆ. ತೊಂದರೆ ಎಂದರೆ, ಜಿಮ್‌ನಲ್ಲಿ ಬೆವರು ಸುರಿಸಿದರೆ ಮಾಂಸಖಂಡ ಕೆಲವೇ ತಿಂಗಳಲ್ಲಿ ಉಬ್ಬುತ್ತದೆ, ಈ ಪಟ್ಟಿ ಆ ವೇಗದಲ್ಲಿ ಬಲಿಯುವುದಿಲ್ಲ. ಇದಕ್ಕೆ ರಕ್ತ ಪೂರೈಕೆಯೇ ಕಡಿಮೆ. ಇದರ ದಾಯಾದಿಯಾದ ಹಿಮ್ಮಡಿಯ ಟೆಂಡನ್ (ಮಾಂಸಖಂಡವನ್ನು ಮೂಳೆಗೆ ಕಟ್ಟುವ ಪಟ್ಟಿ) ಬಗ್ಗೆ ಒಂದು ಮಜವಾದ ಸಂಗತಿ ಗೊತ್ತಾಗಿದೆ. 1950 ಮತ್ತು 60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಹೆಚ್ಚಿತ್ತು. ಆಹಾರದ ಮೂಲಕ ಅದು ಎಲ್ಲರ ಮೈಗೂ ಸೇರಿತು. ಯಾವ ಅಂಗಾಂಶ ಯಾವಾಗ ಕಟ್ಟಿದ್ದು ಎಂದು ಆ ಗುರುತಿನಿಂದ ಹೇಳಬಹುದು. ಹಾಗೆ ನೋಡಿದಾಗ, ಹಿಮ್ಮಡಿ ಟೆಂಡನ್‌ನ ಒಳಭಾಗ ಹದಿನೇಳರ ಆಸುಪಾಸಿನಲ್ಲಿ ಕಟ್ಟಿ ಮುಗಿದ ಮೇಲೆ ಬಹುತೇಕ ಬದಲಾಗುವುದೇ ಇಲ್ಲ ಎಂದು 2013ರಲ್ಲಿ ಡೆನ್ಮಾರ್ಕಿನ ಸಂಶೋಧಕರು ತೋರಿಸಿದರು. ಹೈಸ್ಕೂಲು ಮುಗಿಸುವಾಗ ಇದ್ದ ಹಗ್ಗದಲ್ಲೇ ಉಳಿದ ಆಯಸ್ಸೆಲ್ಲ!

ಅಕ್ಟೋಬರ್ 15, 2011. ಮಿಸಿಸಿಪಿ ಸ್ಟೇಟ್ ವಿರುದ್ಧದ ಪಂದ್ಯ. ಲ್ಯಾಟಿಮೋರ್ ಕೈಯಲ್ಲಿ ಆಗ ಚೆಂಡೂ ಇರಲಿಲ್ಲ, ಸಹಆಟಗಾರನಿಗಾಗಿ ಎದುರಾಳಿಯನ್ನು ತಡೆಯುತ್ತಿದ್ದ. ಅವನ ಎಡಗಾಲಿನ ಮೇಲೆ ಮತ್ತೊಬ್ಬ ಬಿದ್ದ. ಎಸಿಎಲ್ ಹರಿಯಿತು.

ಎಸಿಎಲ್ ಹರಿಯಲು ಎಷ್ಟು ಹೊತ್ತು ಬೇಕು? ಪಂದ್ಯದ ವಿಡಿಯೋಗಳನ್ನು ಚೌಕಟ್ಟು ಚೌಕಟ್ಟಾಗಿ ಅಳೆದವರ ಪ್ರಕಾರ, ಯಾರೂ ಮುಟ್ಟದೆ ತಾನಾಗಿ ಹರಿಯುವ ಗಾಯಗಳಲ್ಲಿ ಕಾಲು ನೆಲಕ್ಕೆ ತಾಗಿದ ಸುಮಾರು 40 ಮಿಲಿಸೆಕೆಂಡಿಗೆ ಕತೆ ಮುಗಿದಿರುತ್ತದೆ. ಏನೋ ಎಡವಟ್ಟಾಗುತ್ತಿದೆ ಎಂದು ಮಿದುಳಿಗೆ ತಿಳಿದು, ಅದು ಆಜ್ಞೆ ಕೊಟ್ಟು, ಮಾಂಸಖಂಡ ಬಿಗಿಯಾಗಬೇಕಾದರೆ ಇದರ ಮೂರು ನಾಲ್ಕು ಪಟ್ಟು ಸಮಯ ಬೇಕು. ಹುಷಾರಾಗಿ ಆಡಬೇಕಿತ್ತು ಎಂದು ಟಿವಿ ಮುಂದೆ ಕೂತು ಹೇಳುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಚರ್ಮ ಕೂಡುತ್ತದೆ, ಮೂಳೆ ಕೂಡುತ್ತದೆ. ಪೂರ್ತಿ ಹರಿದ ಎಸಿಎಲ್ ಯಾಕೆ ತಾನಾಗಿ ಕೂಡುವುದು ಅಪರೂಪ? ಗಾಯ ಮಾಯಬೇಕಾದರೆ ಮೊದಲು ಅಲ್ಲಿ ರಕ್ತ ಹೆಪ್ಪುಗಟ್ಟಬೇಕು. ಆ ಹೆಪ್ಪಿನ ಮೇಲೆ ಹೊಸ ಕೋಶಗಳು ಏಣಿ ಹತ್ತಿದ ಹಾಗೆ ಹತ್ತಿ ಬರುತ್ತವೆ. ಎಸಿಎಲ್ ಇರುವುದೋ ಕೀಲಿನ ದ್ರವದ ನಡುವೆ. ಆ ದ್ರವ ಹೆಪ್ಪನ್ನು ಕಟ್ಟಲು ಬಿಡದೆ ಕರಗಿಸಿಬಿಡುತ್ತದೆ. ಏಣಿಯೇ ಇಲ್ಲದಿದ್ದರೆ ಹತ್ತುವುದು ಹೇಗೆ? ಹಾಗಾಗಿ ಆಟಕ್ಕೆ ಮರಳಬೇಕೆನ್ನುವವರಿಗೆ ಡಾಕ್ಟರುಗಳು ಮಂಡಿಚಿಪ್ಪಿನ ಕೆಳಗಿನ ಅಥವಾ ತೊಡೆಯ ಹಿಂಭಾಗದ ಟೆಂಡನ್‌ನಿಂದ ಒಂದು ತುಂಡು ತೆಗೆದು, ಮೂಳೆಗಳಲ್ಲಿ ಸುರಂಗ ಕೊರೆದು, ಹಳೆಯ ಎಸಿಎಲ್ ಜಾಗದಲ್ಲಿ ಕೂರಿಸುತ್ತಾರೆ.

ಇನ್ನು ಮುಂದಿನದ್ದು ನನಗೆ ಈ ಇಡೀ ವಿಷಯದಲ್ಲೇ ಅತಿ ವಿಚಿತ್ರ ಅನ್ನಿಸುವ ಭಾಗ. ಹೀಗೆ ಕೂರಿಸಿದ ತುಂಡು ಮೊದಲು ಸಾಯುತ್ತದೆ. ಅದರೊಳಗಿನ ಕೋಶಗಳಿಗೆ ರಕ್ತ ಸಿಗದೆ ಹೋಗಿ ಬರೀ ನಾರಿನ ಚೌಕಟ್ಟು ಉಳಿಯುತ್ತದೆ. ಆಮೇಲೆ ನಿಧಾನಕ್ಕೆ ಹೊಸ ರಕ್ತನಾಳ ಚಿಗುರಿ, ಹೊಸ ಕೋಶಗಳು ಒಳಹೊಕ್ಕು, ಹಳೆ ನಾರು ತೆಗೆದು ಹೊಸ ನಾರು ನೇಯುತ್ತವೆ. ಹಳೆಯದು ಕರಗುತ್ತ ಹೊಸದು ಇನ್ನೂ ಗಟ್ಟಿಯಾಗದ ಆ ಹೊತ್ತಿನಲ್ಲಿ, ಅಂದರೆ ಆಪರೇಷನ್ ಆಗಿ ಎರಡು ತಿಂಗಳ ಆಸುಪಾಸಿನಲ್ಲಿ, ಅದು ಮೊದಲ ದಿನಕ್ಕಿಂತಲೂ ದುರ್ಬಲವಾಗಿರುತ್ತದೆ. ರೋಗಿಗೆ ಮಾತ್ರ ಅಷ್ಟರಲ್ಲಿ ಊತ ಇಳಿದು ಹಾಯಾಗಿರುತ್ತದೆ. ಓಡಿಬಿಡೋಣ ಅನ್ನಿಸುತ್ತದೆ! ನೇಯ್ಗೆ ಪೂರ್ತಿಯಾಗಲು ವರ್ಷಕ್ಕೂ ಮೇಲೆ ಬೇಕು. 2016ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನವೊಂದರಲ್ಲಿ, ಆಟಕ್ಕೆ ಮರಳುವುದನ್ನು ಒಂಬತ್ತನೇ ತಿಂಗಳವರೆಗೆ ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮತ್ತೆ ಗಾಯವಾಗುವ ಪ್ರಮಾಣ ಅರ್ಧರ್ಧ ಇಳಿದಿತ್ತು.

ಕಾಲೇಜು ಫುಟ್‌ಬಾಲಿನ ಕ್ಯಾಲೆಂಡರಿಗೆ ಈ ನೇಯ್ಗೆಯ ಲೆಕ್ಕ ಗೊತ್ತಿಲ್ಲ. ಅಲ್ಲಿ ಇನ್ನೊಂದು ನಿಯಮವಿದೆ: ಹೈಸ್ಕೂಲು ಮುಗಿದು ಮೂರು ವರ್ಷ ಕಳೆಯದೆ ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ಗೆ ಕಾಲಿಡುವಂತಿಲ್ಲ. ಆಗೆಲ್ಲ ಕಾಲೇಜು ಆಟಗಾರನಿಗೆ ಸ್ಕಾಲರ್‌ಶಿಪ್ ಮಾತ್ರ, ಸಂಬಳ ಇಲ್ಲ. ಜಾಹೀರಾತಿನ ಹಣ ಮುಟ್ಟಲು ಅನುಮತಿ ಸಿಕ್ಕಿದ್ದೇ 2021ರ ಜುಲೈನಲ್ಲಿ. ಲ್ಯಾಟಿಮೋರ್ 2010ರಲ್ಲಿ ಹೈಸ್ಕೂಲು ಬಿಟ್ಟವನು. 2013ರವರೆಗೆ ಕಾಯಲೇಬೇಕಿತ್ತು. ಅವನ ಎರಡೂ ಗಾಯಗಳು ಆದದ್ದು ಈ ಕಾಯುವಿಕೆಯ ಅವಧಿಯಲ್ಲೇ.

ಈ ನಿಯಮವನ್ನು ಕೋರ್ಟಿಗೆ ಎಳೆದವನೊಬ್ಬನಿದ್ದ, ಒಹಾಯೊ ಸ್ಟೇಟ್‌ನ ಮಾರಿಸ್ ಕ್ಲಾರೆಟ್. ಜನವರಿ 3, 2003ರ ರಾತ್ರಿ ಅರಿಜೋನಾದಲ್ಲಿ ನಡೆದ ರಾಷ್ಟ್ರೀಯ ಫೈನಲ್‌ನಲ್ಲಿ ಎರಡನೇ ಹೆಚ್ಚುವರಿ ಅವಧಿಯಲ್ಲಿ ಗೆಲುವಿನ ಟಚ್‌ಡೌನ್ ಹೊಡೆದವನು ಅವನೇ. ಮೊದಲ ವರ್ಷದ ವಿದ್ಯಾರ್ಥಿ. ಅದೇ ರಾತ್ರಿ, ಅದೇ ಮೈದಾನದಲ್ಲಿ, ಎದುರು ತಂಡದ ರನ್ನಿಂಗ್ ಬ್ಯಾಕ್ ವಿಲ್ಲಿಸ್ ಮೆಗೇಹಿಯ ಮಂಡಿಯ ಮೂರು ಲಿಗಮೆಂಟ್‌ಗಳು, ಅಂದರೆ ಎಸಿಎಲ್‌ನಂಥ ಪಟ್ಟಿಗಳು, ಒಟ್ಟಿಗೆ ಹರಿದವು. ಆ ರಾತ್ರಿ ಇಬ್ಬರಲ್ಲಿ ಯಾರಿಗೆ ಭವಿಷ್ಯವಿದೆ ಎಂದು ಕೇಳಿದ್ದರೆ ನಾನಂತೂ ಕ್ಲಾರೆಟ್ ಹೆಸರನ್ನೇ ಹೇಳುತ್ತಿದ್ದೆ. ಮೆಗೇಹಿ ಒಂದು ವರ್ಷ ಪೂರ್ತಿ ಕೂತು, ಆಮೇಲೆ ಎನ್‌ಎಫ್‌ಎಲ್‌ನಲ್ಲಿ ಹತ್ತು ಸೀಸನ್ ಆಡಿದ. ಕ್ಲಾರೆಟ್ 2004ರಲ್ಲಿ ಮೇಲ್ಮನವಿ ಕೋರ್ಟಿನಲ್ಲಿ ಸೋತ. 2005ರಲ್ಲಿ ಡೆನ್ವರ್ ತಂಡ ಆರಿಸಿಕೊಂಡರೂ ಒಂದೇ ಒಂದು ಲೀಗ್ ಪಂದ್ಯ ಆಡಲಿಲ್ಲ. ಆಮೇಲೆ ಜೈಲಿಗೂ ಹೋಗಿಬಂದ.

ಲ್ಯಾಟಿಮೋರ್ ಹತ್ತೂವರೆ ತಿಂಗಳ ಬಳಿಕ, 2012ರ ಆಗಸ್ಟ್ 30ರಂದು ಮೈದಾನಕ್ಕೆ ಮರಳಿದ. ಅವಸರ ಮಾಡಿದ ಎನ್ನುವಂತಿಲ್ಲ. ಎಡ ಮಂಡಿ ಚೆನ್ನಾಗಿಯೇ ಇತ್ತು. ಅಕ್ಟೋಬರ್ 27ರಂದು ಟೆನೆಸಿ ವಿರುದ್ಧ ತನ್ನದೇ ಮೈದಾನದಲ್ಲಿ ಆಡುವಾಗ ಬಲ ಮಂಡಿಗೆ ಹೊಡೆತ ಬಿತ್ತು. ಕೀಲೇ ತಪ್ಪಿತು, ಒಂದಕ್ಕಿಂತ ಹೆಚ್ಚು ಲಿಗಮೆಂಟ್ ಹರಿದವು. ಎರಡೂ ತಂಡಗಳ ಆಟಗಾರರು ಮೈದಾನಕ್ಕೆ ಬಂದು ಅವನ ಸುತ್ತ ನಿಂತರು. ಇನ್ನೆರಡು ದಿನಕ್ಕೆ ಅವನಿಗೆ ಇಪ್ಪತ್ತೊಂದು ತುಂಬಿತು.

ಮಂಡಿಯ ಕೀಲು ತಪ್ಪುವುದೆಂದರೆ ಎಸಿಎಲ್ ಹರಿದಂತಲ್ಲ, ಅದು ಬೇರೆಯೇ ಲೋಕ. ಮಂಡಿಯ ಹಿಂಬದಿ ಕಾಲಿಗೆ ರಕ್ತ ಒಯ್ಯುವ ದೊಡ್ಡ ನಾಳವಿದೆ. ಅದಕ್ಕೆ ಪೆಟ್ಟಾಗಿ ಕೆಲವು ಗಂಟೆಗಳಲ್ಲಿ ಸರಿಪಡಿಸದಿದ್ದರೆ ಕಾಲನ್ನೇ ಕತ್ತರಿಸಬೇಕಾದೀತು. ಹೊರಬದಿಯಲ್ಲಿ ಪಾದವನ್ನು ಮೇಲಕ್ಕೆತ್ತುವ ನರ ಹಾದುಹೋಗುತ್ತದೆ.  ಆ ನರಕ್ಕೆ ಪೆಟ್ಟಾದರೆ ಏನಾಗುತ್ತದೆ ಎಂಬುದಕ್ಕೆ ನೋಟರ್‌ಡೇಮ್ ವಿಶ್ವವಿದ್ಯಾಲಯದ ಆಟಗಾರ ಜೇಲನ್ ಸ್ಮಿತ್ ಉದಾಹರಣೆ. 2016ರ ಜನವರಿ 1ರಂದು ಮಂಡಿ ಹೋದಾಗ ಅವನ ಆ ನರಕ್ಕೂ ಪೆಟ್ಟಾಗಿ ಪಾದ ಜೋತುಬಿತ್ತು. ನರ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಮಂಡಿಯಿಂದ ಪಾದದವರೆಗಿನ ದಾರಿಗೆ ವರ್ಷವೇ ಬೇಕು. ಡಲ್ಲಾಸ್ ತಂಡ ಅವನನ್ನು ಆರಿಸಿಕೊಂಡು ಒಂದು ಸೀಸನ್ ಪೂರ್ತಿ ಕೂರಿಸಿ ಕಾಯಿತು. 2019ರ ಸೀಸನ್‌ನ ಆಟಕ್ಕಾಗಿ ಅವನು ಪ್ರೊ ಬೌಲ್‌ಗೆ, ಅಂದರೆ ಎನ್‌ಎಫ್‌ಎಲ್‌ನ ಅತ್ಯುತ್ತಮ ಆಟಗಾರರ ಪಂದ್ಯಕ್ಕೆ, ಆಯ್ಕೆಯಾದ.

ಲ್ಯಾಟಿಮೋರ್‌ಗೂ ಕಾದವರಿದ್ದರು. ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ತಂಡ 2013ರ ಎನ್‌ಎಫ್‌ಎಲ್ ಆಟಗಾರರ ಆಯ್ಕೆಯ ನಾಲ್ಕನೇ ಸುತ್ತಿನಲ್ಲಿ, 131ನೆಯವನಾಗಿ ಅವನನ್ನು ಆರಿಸಿತು. ಮೊದಲ ಸೀಸನ್ ಆಡಿಸಲಿಲ್ಲ. ಆಗ ಎಲ್ಲರ ಬಾಯಲ್ಲೂ ಏಡ್ರಿಯನ್ ಪೀಟರ್‌ಸನ್ ಹೆಸರು. 2011ರ ಡಿಸೆಂಬರ್‌ನಲ್ಲಿ ಎಸಿಎಲ್ ಹರಿದುಕೊಂಡು, ಮರುವರ್ಷವೇ ಎನ್‌ಎಫ್‌ಎಲ್‌ನಲ್ಲಿ 2,097 ಗಜ ಓಡಿದ ಮನುಷ್ಯ. ಆ ಒಬ್ಬನ ಕತೆ ಎಷ್ಟು ಹುಡುಗರ ತಲೆ ಮೇಲೆ ಭಾರವಾಗಿ ಕೂತಿತೋ!

ಕಣ್ಣಿಗೆ ಕಾಣದ ತೊಂದರೆಯೂ ಒಂದಿದೆ. ಎಸಿಎಲ್ ಬರೀ ಹಗ್ಗವಲ್ಲ, ಅದರಲ್ಲಿ ನರದ ತುದಿಗಳಿವೆ. ಮಂಡಿ ಈಗ ಎಷ್ಟು ಬಾಗಿದೆ, ಎತ್ತ ತಿರುಗಿದೆ ಎಂಬ ಸುದ್ದಿಯನ್ನು ಅವು ಮಿದುಳಿಗೆ ಕಳಿಸುತ್ತಿರುತ್ತವೆ. ಕಸಿ ಮಾಡಿದ ತುಂಡಿನಿಂದ ಆ ಸುದ್ದಿ ಮೊದಲಿನಂತೆ ಬರುವುದಿಲ್ಲ. ಪೆಟ್ಟುಬಿದ್ದ ಕೀಲಿನ ಮೇಲಿನ ತೊಡೆಯ ಮಾಂಸಖಂಡವನ್ನು ಪೂರ್ತಿ ಬಿಗಿಯಲು ನರಮಂಡಲವೂ ಬಿಡುವುದಿಲ್ಲ, ಮನಸ್ಸು ಎಷ್ಟೇ ಹಟ ಹಿಡಿದರೂ. ನಡೆಯುವುದಕ್ಕೆ, ಮೆಟ್ಟಿಲು ಹತ್ತುವುದಕ್ಕೆ ಇದು ಅಷ್ಟಾಗಿ ಗೊತ್ತಾಗದು. ಕ್ಷಣದ ಸಣ್ಣ ಪಾಲಿನಲ್ಲಿ ಕಾಲೂರಿ ತಿರುಗುವವನಿಗೆ ಗೊತ್ತಾಗುತ್ತದೆ. 2014ರ ನವೆಂಬರ್‌ನಲ್ಲಿ, ಎನ್‌ಎಫ್‌ಎಲ್‌ನ ಒಂದು ಪಂದ್ಯವನ್ನೂ ಆಡದೆ ಲ್ಯಾಟಿಮೋರ್ ನಿವೃತ್ತಿ ಹೇಳಿದ. ವಯಸ್ಸು 23. ಮಂಡಿಯ ನೋವು ಅವನನ್ನು ಬಿಟ್ಟಿರಲಿಲ್ಲ.

ಅವನು ಓಡಿ ಗಳಿಸಿದ 38 ಟಚ್‌ಡೌನ್‌ಗಳು ಅವನ ಕಾಲೇಜಿನ ದಾಖಲೆ. 2018ರಲ್ಲಿ ಅದೇ ವಿಶ್ವವಿದ್ಯಾಲಯಕ್ಕೆ ಮರಳಿ, ಎರಡು ವರ್ಷ ಅಲ್ಲಿನ ಹುಡುಗರ ಆಟದಾಚೆಗಿನ ಬದುಕು ನೋಡಿಕೊಳ್ಳುವ ಕೆಲಸ ಮಾಡಿದ. ಎಸಿಎಲ್ ಹರಿದವರನ್ನು ಹತ್ತರಿಂದ ಇಪ್ಪತ್ತು ವರ್ಷದ ನಂತರ ಪರೀಕ್ಷಿಸಿದರೆ ಸರಿಸುಮಾರು ಅರ್ಧದಷ್ಟು ಜನರಲ್ಲಿ ಮಂಡಿ ಸವೆತ ಕಾಣುತ್ತದೆ. ಎಡ ಮಂಡಿಗೆ ಆ ಹತ್ತು ವರ್ಷ ತುಂಬಿದ್ದು 2021ರಲ್ಲಿ, ಬಲ ಮಂಡಿಗೆ 2022ರಲ್ಲಿ.