ಢಾಕಾದ ಆ ತಂತಿಯನ್ನು ಬ್ಲಡ್ ಬರೆದದ್ದಲ್ಲ

ಪ್ರಶ್ನೆ: 1971ರಲ್ಲಿ ಢಾಕಾದಲ್ಲಿದ್ದ ಅಮೆರಿಕದ ರಾಯಭಾರಿ ಆರ್ಚರ್ ಬ್ಲಡ್ ತನ್ನ ಸರ್ಕಾರದ ವಿರುದ್ಧವೇ ತಂತಿ ಬರೆದು, ರಾಜೀನಾಮೆ ಬಿಸಾಕಿ ಹೊರಟರಂತೆ. ಸೇನೆಯ ಹಿಡಿತದಲ್ಲಿದ್ದ ಊರಿನಲ್ಲಿ ಕೂತು ಅಷ್ಟು ಧೈರ್ಯ ಮಾಡಿದ್ದು ಹೇಗೆ?

ಉತ್ತರ: ಢಾಕಾದಲ್ಲಿ ಪಾಕಿಸ್ತಾನಿ ಸೇನೆ ಶರಣಾದ ದಿನ, ಡಿಸೆಂಬರ್ 16 ಹತ್ತಿರ ಬಂತೆಂದರೆ ಈ ಪ್ರಶ್ನೆ ನನ್ನ ಮನೆ ಬಾಗಿಲಿಗೆ ಬಂದು ನಿಲ್ಲುತ್ತದೆ. ಹೋದ ವರ್ಷ ಉತ್ತರಿಸಿದೆ, ಅದರ ಹಿಂದಿನ ವರ್ಷವೂ ಉತ್ತರಿಸಿದೆ. ಈ ಸಲ ಸ್ವಲ್ಪ ಉದ್ದಕ್ಕೇ ಹೇಳಿಬಿಡುತ್ತೇನೆ. ಬ್ಲಡ್ ರಾಯಭಾರಿ ಆಗಿರಲಿಲ್ಲ. ಆ ತಂತಿಯನ್ನು ಅವರು ಬರೆಯಲಿಲ್ಲ. ಅದಕ್ಕೆ ಸಹಿ ಹಾಕಿದವರ ಪಟ್ಟಿಯಲ್ಲಿ ಅವರ ಹೆಸರಿಲ್ಲ. ರಾಜೀನಾಮೆಯನ್ನಂತೂ ಕೊಡಲೇ ಇಲ್ಲ. ಇಷ್ಟಾದರೂ ಅವರು ದೊಡ್ಡ ಮನುಷ್ಯರೇ, ಅದರಲ್ಲಿ ನನ್ನ ತಕರಾರಿಲ್ಲ.

ಮೊದಲು ಹುದ್ದೆ. ರಾಯಭಾರಿ ಇರುವುದು ರಾಜಧಾನಿಯಲ್ಲಿ. ಪಾಕಿಸ್ತಾನಕ್ಕೆ ಅಮೆರಿಕದ ರಾಯಭಾರಿ ಜೋಸೆಫ್ ಫಾರ್ಲಂಡ್, ಅವರಿದ್ದದ್ದು ಇಸ್ಲಾಮಾಬಾದಿನಲ್ಲಿ. ನಡುವೆ ಇಡೀ ಭಾರತ. ಢಾಕಾ ಆಗ ಪೂರ್ವ ಪಾಕಿಸ್ತಾನ (ಇಂದಿನ ಬಾಂಗ್ಲಾದೇಶ) ಎಂಬ ಪ್ರಾಂತ್ಯದ ರಾಜಧಾನಿ ಅಷ್ಟೆ, ಹಾಗಾಗಿ ಅಲ್ಲಿದ್ದದ್ದು ಕಾನ್ಸುಲೇಟ್, ಅದರ ಮುಖ್ಯಸ್ಥರು ಕಾನ್ಸುಲ್ ಜನರಲ್. ವೀಸಾ ಕೊಡುವುದು, ಕಳೆದುಹೋದ ಪಾಸ್‌ಪೋರ್ಟಿಗೆ ಇನ್ನೊಂದು ಕೊಡುವುದು, ತನ್ನ ದೇಶದವರು ಸತ್ತರೆ ಕಾಗದಪತ್ರ ಮಾಡಿಸುವುದು ಅವರ ನಿತ್ಯದ ಕೆಲಸ. ಜತೆಗೆ ಸ್ಥಳೀಯ ರಾಜಕೀಯ ಏನಾಗುತ್ತಿದೆ ಎಂದು ವರದಿ ಕಳಿಸುತ್ತಿರಬೇಕು. (ಭಾರತದ ಕಚೇರಿಗೆ ಅಲ್ಲಿ ಉಪ ಹೈಕಮಿಷನ್ ಎಂಬ ಹೆಸರು ಏಕೆಂದು ಇನ್ನೊಬ್ಬರು ಕೇಳಿದ್ದಾರೆ. ನಮ್ಮಂತೆ ಪಾಕಿಸ್ತಾನವೂ ಆಗ ಕಾಮನ್‌ವೆಲ್ತ್‌ನಲ್ಲಿತ್ತು, ಆ ಕೂಟದ ದೇಶಗಳು ಒಂದರಲ್ಲೊಂದು ಇಡುವ ರಾಯಭಾರ ಕಚೇರಿಗೆ ಹೈಕಮಿಷನ್ ಎಂದೇ ಹೆಸರು, ಅದಕ್ಕೆ.)

ಈಗ ತಂತಿಗೆ ಬರೋಣ. ನಮ್ಮಲ್ಲಿ ಜಿಲ್ಲಾಧಿಕಾರಿ ಕಚೇರಿಯಿಂದ ಒಂದು ಪತ್ರ ಬಂದರೆ ಕೆಳಗೆ ‘ಜಿಲ್ಲಾಧಿಕಾರಿಗಳ ಪರವಾಗಿ’ ಎಂದಿರುತ್ತದೆ. ಕರಡು ಬರೆದವನು ಯಾವುದೋ ಶಾಖೆಯ ಗುಮಾಸ್ತ ಎಂದು ನಮಗೆಲ್ಲ ಗೊತ್ತು. ಅಮೆರಿಕದ ವಿದೇಶಾಂಗ ಕಚೇರಿಗಳಲ್ಲೂ ಹೆಚ್ಚುಕಡಿಮೆ ಇದೇ ಪದ್ಧತಿ. ಕಚೇರಿಯಿಂದ ಹೊರಡುವ ಪ್ರತಿಯೊಂದು ತಂತಿಯ ಕೊನೆಯಲ್ಲೂ ಅಲ್ಲಿನ ಮುಖ್ಯಸ್ಥರ ಅಡ್ಡಹೆಸರು, ಅಂದರೆ ಮನೆತನದ ಹೆಸರು, ಬೀಳುತ್ತದೆ, ಯಾರೇ ಬರೆದಿರಲಿ. ಟೈಪ್‌ರೈಟರ್ ರಿಬ್ಬನ್ ಬೇಕೆಂದು ತಂತಿ ಕಳಿಸಿದರೂ ಕೆಳಗೆ ‘ಬ್ಲಡ್’! ಆ ಲೆಕ್ಕದಲ್ಲಿ ಅವರ ಅವಧಿಯಲ್ಲಿ ಢಾಕಾದಿಂದ ಹೋದದ್ದೆಲ್ಲ ಬ್ಲಡ್ ಟೆಲಿಗ್ರಾಂಗಳೇ. ಒಂದಕ್ಕೆ ಮಾತ್ರ ಹೆಸರು ಅಂಟಿಕೊಂಡಿತು. ಹೆಸರಿನ ಅರ್ಥವೂ ಸಂದರ್ಭಕ್ಕೆ ಹೊಂದಿಬಿಟ್ಟಿತಲ್ಲ, ಜನ ‘ರಕ್ತದ ತಂತಿ’ ಎಂದು ಅನುವಾದ ಬೇರೆ ಮಾಡಿಕೊಂಡರು. ಅದು ಮನುಷ್ಯನ ಅಡ್ಡಹೆಸರು ಮಾರಾಯರೆ.

ಆ ತಂತಿಯ ತಾರೀಖು 1971ರ ಏಪ್ರಿಲ್ 6. ಮಾರ್ಚ್ 25ರ ರಾತ್ರಿ ಪಾಕಿಸ್ತಾನಿ ಸೇನೆ ಢಾಕಾದ ಜನರ ಮೇಲೆ ಎರಗಿ ಆಗಿನ್ನೂ ಎರಡು ವಾರವೂ ಆಗಿರಲಿಲ್ಲ. ಕರಡು ಹೆಚ್ಚಾಗಿ ಕಚೇರಿಯ ಕಿರಿಯ ರಾಜಕೀಯ ಅಧಿಕಾರಿ ಸ್ಕಾಟ್ ಬುಚರ್ ಅವರ ಕೈಯದು. ಕಾನ್ಸುಲೇಟ್, ನೆರವು ವಿಭಾಗ, ಮಾಹಿತಿ ವಿಭಾಗ ಎಲ್ಲ ಸೇರಿ 20 ಮಂದಿ ಸಹಿ ಮಾಡಿದರು. ಪ್ರಜಾಪ್ರಭುತ್ವವನ್ನು ಹತ್ತಿಕ್ಕುವುದನ್ನು ಖಂಡಿಸಲು ನಮ್ಮ ಸರ್ಕಾರ ವಿಫಲವಾಗಿದೆ, ಹಿಂಸಾಚಾರವನ್ನು ಖಂಡಿಸಲು ವಿಫಲವಾಗಿದೆ ಎಂದು ಅದರಲ್ಲಿ ಸಾಲುಸಾಲಾಗಿ ಬರುತ್ತದೆ. ಹಾಗಾದರೆ ಬ್ಲಡ್ ಏನು ಮಾಡಿದರು? ಕೊನೆಗೆ ತಮ್ಮದೊಂದು ಟಿಪ್ಪಣಿ ಸೇರಿಸಿದರು: ಈ ಅಭಿಪ್ರಾಯಗಳು ನನ್ನವೂ ಹೌದು, ಆದರೆ ಕಚೇರಿಯ ಮುಖ್ಯಸ್ಥನಾಗಿರುವಷ್ಟು ದಿನ ಇದಕ್ಕೆ ನಾನು ಸಹಿ ಹಾಕುವುದು ಸರಿಯಲ್ಲ. ಅಲ್ಲಿಗೇ ಬಿಡಲಿಲ್ಲ. ಈ ಹೋರಾಟದಲ್ಲಿ ಕೊನೆಗೆ ಗೆಲ್ಲುವವರು ಬಂಗಾಳಿಗಳು, ಸ್ವತಂತ್ರ ಬಾಂಗ್ಲಾದೇಶ ಆಗುವ ಸಂಭವವೇ ಹೆಚ್ಚು ಎಂದೂ ಬರೆದರು. ಏಪ್ರಿಲ್ ತಿಂಗಳಲ್ಲೇ! ಕೈಕೆಳಗಿನವರ ಮಾತನ್ನು ಅಡಗಿಸಿ ಕಪಾಟಿನಲ್ಲಿ ಇಡುವುದು ಅವರಿಗೆ ಬಲು ಸುಲಭವಿತ್ತು. ಇಡಲಿಲ್ಲ. ಗೋಪ್ಯತೆಯ ಕೆಳದರ್ಜೆಯಲ್ಲಿ ಕಳಿಸಿದ್ದರಿಂದ ಅದು ವಾಷಿಂಗ್ಟನ್ನಿನ ಎಷ್ಟೋ ಮೇಜುಗಳಿಗೆ ಹೋಯಿತು. ಅವರ ಧೈರ್ಯ ಇರುವುದು ಇಲ್ಲಿ.

ಇನ್ನೊಂದು ಕಲಸುಮೇಲೋಗರವನ್ನೂ ಬಿಡಿಸಿಬಿಡುತ್ತೇನೆ. ‘ಆಯ್ದ ನರಮೇಧ’ ಎಂಬ ತಲೆಬರಹದ್ದು ಬೇರೆಯೇ ತಂತಿ, ಮಾರ್ಚ್ ಕೊನೆಯ ವಾರದ್ದು. ಎರಡನ್ನೂ ಸೇರಿಸಿ ಒಂದೇ ಮಾಡಿ ಹಂಚುವವರಿದ್ದಾರೆ. ಮೊದಲನೆಯದು ಕಣ್ಣಾರೆ ಕಂಡದ್ದರ ವರದಿ, ಎರಡನೆಯದು ತಮ್ಮದೇ ಸರ್ಕಾರದ ನೀತಿಗೆ ಭಿನ್ನಮತ.

ಮಾರ್ಚ್ 25ರ ರಾತ್ರಿ ಬ್ಲಡ್ ಅವರ ಮನೆಗೆ ಊಟಕ್ಕೆ ಬಂದಿದ್ದವರು ಹೊರಗೆ ಹೋಗಲಾಗದೆ ಅಲ್ಲೇ ಉಳಿದರು. ಮಾಳಿಗೆ ಹತ್ತಿದರೆ ಊರು ಉರಿಯುವುದು ಕಾಣುತ್ತಿತ್ತು. ಆಮೇಲಿನ ದಿನಗಳಲ್ಲಿ ಅಮೆರಿಕನ್ನರ ಮನೆಗಳ ಆಳುಗಳ ಕೋಣೆಗಳು ತುಂಬಿಹೋದವು. ಬಂದು ಅಡಗಿದವರಲ್ಲಿ ಬಡ ಹಿಂದೂಗಳೇ ಹೆಚ್ಚು. ತನ್ನ ಮನೆಯಲ್ಲೂ ಇದ್ದಾರೆ ಎಂದು ಬ್ಲಡ್ ಮೇಲಿನವರಿಗೆ ಮುಚ್ಚುಮರೆಯಿಲ್ಲದೆ ತಿಳಿಸಿದರು. ಕಾನ್ಸುಲರಿಗೆ ಆಶ್ರಯ ಕೊಡುವ ಹಕ್ಕು ಯಾವ ಒಪ್ಪಂದದಲ್ಲೂ ಇಲ್ಲ, ನೆನಪಿರಲಿ. ಏಪ್ರಿಲ್ ಮೊದಲ ವಾರ ಅಮೆರಿಕನ್ ಕುಟುಂಬಗಳನ್ನು ಊರಿಂದ ಕಳಿಸಿದ್ದು ಪಾಕಿಸ್ತಾನದ ವಿಮಾನಗಳಲ್ಲಿ. ಅವೇ ವಿಮಾನಗಳು ಬರುವಾಗ ಸೈನಿಕರನ್ನು ಹೊತ್ತು ತಂದಿದ್ದವು.

ಇನ್ನು ರಾಜೀನಾಮೆ. ಬ್ಲಡ್ ಅವರನ್ನು ರಜೆಯ ಮೇಲೆ ಊರಿಗೆ ಹೋಗಿ, ಆಮೇಲೆ ಬೇರೆ ಕಡೆ ವರ್ಗ ಎಂದು ಸಾಗಹಾಕಿದರು. ಜೂನ್‌ನಲ್ಲಿ ಹೊರಟರು. ವರ್ಗಾವಣೆ ಎಂಬ ಶಿಕ್ಷೆ ಹೇಗಿರುತ್ತದೆಂದು ನಮ್ಮ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. ವಾಷಿಂಗ್ಟನ್ನಿನಲ್ಲಿ ಸಿಬ್ಬಂದಿ ವಿಭಾಗದ ಕುರ್ಚಿ ಕೊಟ್ಟರು, ಅದೇ ವರ್ಷ ಅವರ ವೃತ್ತಿಬಾಂಧವರ ಸಂಘ ಪ್ರಶಸ್ತಿಯನ್ನೂ ಕೊಟ್ಟಿತು. ಆಮೇಲೆ ದೆಹಲಿಯಲ್ಲಿ, ಕಾಬೂಲಿನಲ್ಲಿ ಕೆಲಸ ಮಾಡಿದರು. ರಾಯಭಾರಿಯ ಪದವಿ ಮಾತ್ರ ಕೊನೆಗೂ ಸಿಗಲಿಲ್ಲ. 2004ರಲ್ಲಿ ತೀರಿಕೊಂಡರು. ಢಾಕಾದ ಅಮೆರಿಕನ್ ಸೆಂಟರಿನ ಗ್ರಂಥಾಲಯಕ್ಕೆ ಈಗ ಅವರ ಹೆಸರಿದೆ.

ತಂತಿಯಿಂದ ಅಮೆರಿಕದ ನೀತಿ ಬದಲಾಯಿತೇ? ಇಲ್ಲ. ಚೀನಾದ ಬಾಗಿಲು ತಟ್ಟಲು ಅಮೆರಿಕದ ಅಧ್ಯಕ್ಷ ನಿಕ್ಸನ್‌ಗೆ ಪಾಕಿಸ್ತಾನದ ಸೇನಾಡಳಿತಗಾರ ಯಾಹ್ಯಾ ಖಾನ್ ಮಧ್ಯಸ್ಥಿಕೆ ಬೇಕಿತ್ತು. ಏಪ್ರಿಲ್ 28ರಂದು ಕಡತದ ಮೇಲೆ ನಿಕ್ಸನ್ ಕೈಯಲ್ಲೇ ಬರೆದರು: ಎಲ್ಲರಿಗೂ, ಸದ್ಯಕ್ಕೆ ಯಾಹ್ಯಾನನ್ನು ಹಿಂಡಬೇಡಿ. ‘ಬೇಡಿ’ ಎಂಬುದರ ಕೆಳಗೆ ಮೂರು ಗೆರೆ. ಜುಲೈನಲ್ಲಿ ನಿಕ್ಸನ್‌ರ ಭದ್ರತಾ ಸಲಹೆಗಾರ ಕಿಸಿಂಜರ್ ಪಾಕಿಸ್ತಾನದಿಂದಲೇ ಗುಟ್ಟಾಗಿ ಬೀಜಿಂಗ್‌ಗೆ ಹಾರಿದರು.

ಯಾರೂ ಕೇಳುವುದಿಲ್ಲ, ಆದರೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಊರು ಸೇನೆಯ ಕೈಯಲ್ಲಿತ್ತು, ಸರಿ. ಆದರೆ ರಾಜಕೀಯ ಎಲ್ಲಿ ಹೋಯಿತು? 1970ರ ಡಿಸೆಂಬರ್‌ ಚುನಾವಣೆಯಲ್ಲಿ ಬಂಗಾಳಿ ನಾಯಕ ಮುಜೀಬರ ಅವಾಮಿ ಲೀಗ್ ಪೂರ್ವ ಪಾಕಿಸ್ತಾನದ 162 ಸಾಮಾನ್ಯ ಸ್ಥಾನಗಳಲ್ಲಿ 160 ಗೆದ್ದಿತ್ತು. ಗೆದ್ದವರು ಜೈಲಿನಲ್ಲೋ ಕಲ್ಕತ್ತದಲ್ಲೋ ಇದ್ದರು. ಹಾಗಾಗಿ ಸೋತವರಿಗೆ ಕೆಲಸ ಸಿಕ್ಕಿತು. ಸೇನೆಯ ಬೆಂಬಲಕ್ಕೆಂದು ಏಪ್ರಿಲ್‌ನಲ್ಲಿ ಹುಟ್ಟಿದ ಶಾಂತಿ ಸಮಿತಿಯ ಸಂಚಾಲಕ ಖ್ವಾಜಾ ಖೈರುದ್ದೀನ್. ಢಾಕಾ ಕ್ಷೇತ್ರದಲ್ಲಿ ಮುಜೀಬರ ಎದುರು ನಿಂತು ಸೋತಿದ್ದವರು! ಢಾಕಾ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಬಿ.ಎ. ಸಿದ್ದಿಕಿ ಮಾರ್ಚ್‌ನಲ್ಲಿ ಜನರಲ್ ಟಿಕ್ಕಾ ಖಾನ್‌ಗೆ ಗವರ್ನರ್ ಪ್ರಮಾಣವಚನ ಬೋಧಿಸುವುದಿಲ್ಲ ಎಂದಿದ್ದರು. ಏಪ್ರಿಲ್ 9ರಂದು ಅವರೇ ಬೋಧಿಸಿದರು. ನಡುವೆ ಮಾರ್ಚ್ 25 ಬಂದು ಹೋಗಿತ್ತು, ಅಷ್ಟೇ ವ್ಯತ್ಯಾಸ. ಶರತ್ಕಾಲದಲ್ಲಿ ಅವಾಮಿ ಲೀಗ್‌ನವರ 70ಕ್ಕೂ ಹೆಚ್ಚು ಸ್ಥಾನ ಖಾಲಿ ಎಂದು ಸಾರಿ ಉಪಚುನಾವಣೆ ಕರೆದರು. ಸ್ಥಾನಗಳನ್ನು ಮುಂಚೆಯೇ ಪಕ್ಷಗಳಿಗೆ ಹಂಚಿಕೊಟ್ಟಾಗಿತ್ತು. 50ಕ್ಕೂ ಹೆಚ್ಚು ಜನ ಅವಿರೋಧ ಆಯ್ಕೆ. ಮತ ಹಾಕುವ ತಾಪತ್ರಯವೇ ಇಲ್ಲ.

ರಾಜತಾಂತ್ರಿಕ ಕಚೇರಿಗಳ ಒಳಗೂ ರಾಜಕೀಯ ನಡೆದಿತ್ತು. ಢಾಕಾದಿಂದ ಭಿನ್ನಮತದ ತಂತಿ ಹೊರಟ ಅದೇ ಏಪ್ರಿಲ್ 6ರಂದು ದೆಹಲಿಯ ಪಾಕಿಸ್ತಾನಿ ಹೈಕಮಿಷನ್ನಿನ ಇಬ್ಬರು ಬಂಗಾಳಿ ಅಧಿಕಾರಿಗಳು ಬಾಂಗ್ಲಾದೇಶಕ್ಕೆ ನಿಷ್ಠೆ ಘೋಷಿಸಿದರು. 18ರಂದು ಕಲ್ಕತ್ತದ ಸರ್ಕಸ್ ಅವೆನ್ಯೂನಲ್ಲಿದ್ದ ಪಾಕಿಸ್ತಾನಿ ಉಪ ಹೈಕಮಿಷನರ್ ಹುಸೇನ್ ಅಲಿ ಕಚೇರಿಯ ಮೇಲಿನ ಬಾವುಟವನ್ನೇ ಬದಲಿಸಿಬಿಟ್ಟರು. ಕಟ್ಟಡ ಅದೇ, ಮೇಜು ಕುರ್ಚಿ ಅವೇ, ದೇಶ ಮಾತ್ರ ಬೇರೆ! ಪಾಕಿಸ್ತಾನ ಅದಕ್ಕೆ ಉತ್ತರವಾಗಿ ಢಾಕಾದ ನಮ್ಮ ಕಚೇರಿಯನ್ನು ಮುಚ್ಚಿಸಿತು.

ಬ್ಲಡ್ ಹೋದ ಮೇಲೆ ಅವರ ಜಾಗಕ್ಕೆ ಬಂದವರು ಹರ್ಬರ್ಟ್ ಸ್ಪಿವಾಕ್. ಇವರ ಬಗ್ಗೆ ಒಬ್ಬರೂ ಪ್ರಶ್ನೆ ಕೇಳಿಲ್ಲ, ನನಗೆ ಬೇಸರ. ಡಿಸೆಂಬರ್ 14ರಂದು ನಮ್ಮ ಮಿಗ್ ವಿಮಾನಗಳು ಗವರ್ನರ್ ಬಂಗಲೆಯ ಮೇಲೆ ಎರಗಿದಾಗ ನಾಗರಿಕ ಗವರ್ನರ್ ಮಲಿಕ್ ಒಂದು ಚೂರು ಕಾಗದದ ಮೇಲೆ ಬಾಲ್‌ಪೆನ್ನಿನಲ್ಲಿ ರಾಜೀನಾಮೆ ಗೀಚಿ, ರೆಡ್ ಕ್ರಾಸ್ ರಕ್ಷಣೆಯಲ್ಲಿದ್ದ ಹೋಟೆಲ್ ಇಂಟರ್‌ಕಾಂಟಿನೆಂಟಲ್ ಸೇರಿದರು. ರಾಜೀನಾಮೆ ಬಿಸಾಕಿದ ಕತೆ ಬೇಕಿದ್ದರೆ ಇದನ್ನು ಹೇಳಿಕೊಳ್ಳಿ. ಅದೇ ಸಂಜೆ ಪೂರ್ವದ ಪಾಕಿಸ್ತಾನಿ ಸೇನೆಯ ಮುಖ್ಯಸ್ಥ ಜನರಲ್ ನಿಯಾಜಿ, ಗವರ್ನರರ ಸೇನಾ ಸಲಹೆಗಾರ ಫರ್ಮಾನ್ ಅಲಿಯವರ ಜತೆ ಸ್ಪಿವಾಕ್ ಕಚೇರಿಗೆ ಬಂದು ಕದನವಿರಾಮದ ಮಾತು ಆಡಿಸಿಕೊಡಿ ಎಂದರು. ಮಾತುಕತೆ ನನ್ನ ಕೆಲಸವಲ್ಲ, ಬೇಕಾದರೆ ಸಂದೇಶ ಕಳಿಸುತ್ತೇನೆ ಎಂದರು ಸ್ಪಿವಾಕ್. ಸಂದೇಶ ಹೋಗಬೇಕಾದದ್ದು ದೆಹಲಿಯಲ್ಲಿದ್ದ ನಮ್ಮ ಸೇನಾ ಮುಖ್ಯಸ್ಥ ಮಾಣೆಕ್‌ಶಾ ಅವರಿಗೆ. ಆದರೆ ಕಾನ್ಸುಲೇಟಿನ ತಂತಿ ಮೊದಲು ವಾಷಿಂಗ್ಟನ್ನಿಗೇ ಹೋಗಬೇಕಲ್ಲ. ಭೂಮಿಯ ಅರ್ಧ ಸುತ್ತಿ ಅದು ದೆಹಲಿ ಮುಟ್ಟುವಷ್ಟರಲ್ಲಿ 15ನೇ ತಾರೀಖಾಗಿತ್ತು. ಆ ತಂತಿಯ ಕೆಳಗೂ ಕಾನ್ಸುಲ್ ಜನರಲ್‌ರ ಅಡ್ಡಹೆಸರೇ ಇದ್ದಿರಬೇಕು. ಅದನ್ನು ಮಾತ್ರ ಯಾರೂ ಸ್ಪಿವಾಕ್ ಟೆಲಿಗ್ರಾಂ ಎನ್ನುವುದಿಲ್ಲ.