ಪೋರ್ಟ್ ತಾನ ತಗೊಂತೈತಿ ಅಂತ ಬಿಡಬ್ಯಾಡ್ರಿ

"ಸರ್, ಸರ್ವರ್ ರೀಸ್ಟಾರ್ಟ್ ಮಾಡೀನ್ರಿ, ಆದ್ರೂ ಡೇಟಾಬೇಸಿನ್ಯಾಗ ಲಾಕ್ ಬಿಡವಲ್ತು." ಹುಬ್ಬಳ್ಳಿ ಗೋಕುಲ ರಸ್ತೆಯ ನನ್ನ ಆಫೀಸಿಗೆ ಈ ಫೋನ್ ಬಂದಾಗಲೆಲ್ಲ ನಾನು ಕೇಳುವುದು ಒಂದೇ: ಒಆರ್‌ಬಿಗೆ, ಅಂದರೆ ಯಂತ್ರದಿಂದ ಯಂತ್ರಕ್ಕೆ ಕರೆ ಮುಟ್ಟಿಸುವ ಭಾಗಕ್ಕೆ, ಯಾವ ಪೋರ್ಟ್ (ಕರೆ ಬರುವ ಬಾಗಿಲಿನ ನಂಬರ್) ಕೊಟ್ಟೀರಿ? "ಕೊಟ್ಟಿಲ್ರಿ, ಅದು ತಾನ ತಗೊಂತೈತಲ್ರಿ."

ತಗೊಂತೈತಿ, ಖರೆ. ರೀಸ್ಟಾರ್ಟ್ ಆದಾಗೊಮ್ಮೆ ಬೇರೆ ತಗೊಂತೈತಿ.

ಒಂದೇ ವ್ಯವಹಾರ ಹಲವು ಸರ್ವರ್‌ಗಳಲ್ಲಿ ನಡೆಯುವಾಗ ಎಲ್ಲ ಕಡೆ ಆಗಬೇಕು, ಇಲ್ಲವೇ ಎಲ್ಲೂ ಆಗಬಾರದು. ಅದನ್ನು ನೋಡಿಕೊಳ್ಳುವ ಜಾವಾ ವ್ಯವಸ್ಥೆಯೇ ಜೆಟಿಎಸ್. ಅದರಲ್ಲಿ ಪ್ರಿಪೇರ್ (ಎಲ್ಲರೂ ಸಿದ್ಧ ಎನ್ನುವ ಹಂತ) ಮುಗಿದು ಕಮಿಟ್ (ಪಕ್ಕಾ ಮಾಡುವುದು) ಎಂದು ತೀರ್ಮಾನವಾದ ಕೂಡಲೇ, ಆ ತೀರ್ಮಾನ ಮಾಡುವ ಕೋಆರ್ಡಿನೇಟರ್ ಲಾಗ್ ಬರೆಯುತ್ತದೆ. ಅದರಲ್ಲಿ ಎದುರಿನ ಸರ್ವರಿನ ಐಒಆರ್, ಅಂದರೆ ಪೂರ್ತಿ ವಿಳಾಸ, ಇರುತ್ತದೆ: ಹೋಸ್ಟ್ (ಯಂತ್ರದ ಹೆಸರು), ಪೋರ್ಟ್, ಆಬ್ಜೆಕ್ಟ್ ಕೀ (ಅಲ್ಲಿ ಯಾರನ್ನು ಕರೆಯಬೇಕೆಂಬ ಗುರುತು). ಬ್ಯಾಡಗಿಯಲ್ಲಿ ಮೆಣಸಿನಕಾಯಿ ಹಾಕಿದ ರೈತನ ಕೈಯಲ್ಲಿ ಪಟ್ಟಿ ಇದೆ, ದಲಾಲರ ಹತ್ತಿರ ರೊಕ್ಕವೂ ಇದೆ. ಆದರೆ ಅಂಗಡಿ ಬೇರೆ ಸಾಲಿಗೆ ಹೋಗಿದೆ. ಅರ್ಧಕ್ಕೆ ನಿಂತದ್ದನ್ನು ಮುಗಿಸಬೇಕಾದ ರಿಕವರಿ ಮ್ಯಾನೇಜರ್ ಆ ರೈತನಂತೆ ಹಳೆಯ ಬಾಗಿಲನ್ನೇ ಮತ್ತೆ ಮತ್ತೆ ಬಡಿಯುತ್ತಿರುತ್ತದೆ.

ಆದ್ದರಿಂದ ಪೋರ್ಟ್ ಗಟ್ಟಿ ಮಾಡಿ. ವೈಲ್ಡ್‌ಫ್ಲೈ ಎಂಬ ಜಾವಾ ಸರ್ವರಿನಲ್ಲಿ ಐಐಒಪಿಗೆ (ಒಆರ್‌ಬಿಗಳು ಮಾತಾಡುವ ಭಾಷೆ) 3528 ಮೊದಲೇ ಇದೆ, ಕೆದಕಬೇಡಿ. ಜಾಕ್‌ಆರ್ಬ್ ಎಂಬ ಒಆರ್‌ಬಿ ಆದರೆ ಪೋರ್ಟ್ ಜೊತೆಗೆ ಇಂಪ್ಲ್‌ನೇಮ್ (ಸರ್ವರಿಗೆ ಕೊಡುವ ಹೆಸರು) ಕೂಡ ಸ್ಥಿರವಾಗಿರಲಿ. ಅದು ಆಬ್ಜೆಕ್ಟ್ ಕೀಯೊಳಗೇ ಸೇರುತ್ತದೆ. ಉಬುಂಟುವಿನ ಹೋಸ್ಟ್ಸ್ ಫೈಲನ್ನೂ ನೋಡಿ. ಯಂತ್ರದ ಹೆಸರಿನ ಮುಂದೆ 127.0.1.1 ಇದ್ದರೆ ಅದೇ ಐಒಆರ್‌ಗೆ ಹೋಗಿಬಿಡಬಹುದು, ಎದುರಿನ ಯಂತ್ರ ತನ್ನನ್ನೇ ಕರೆದುಕೊಳ್ಳುತ್ತದೆ. ಆವೃತ್ತಿಗೆ ತಕ್ಕಂತೆ ಸೆಟ್ಟಿಂಗ್ ಬದಲಾಗುತ್ತದೆ, ನಿಮ್ಮ ಕೈಪಿಡಿ ನೋಡಿಯೇ ಹಚ್ಚಿ. ಜಾವಾ 11ರಿಂದ ಜೆಡಿಕೆಯಲ್ಲಿ (ಜಾವಾ ಕಿಟ್) ಕೋರ್ಬಾ, ಅಂದರೆ ಈ ಒಆರ್‌ಬಿಯ ಮೂಲ ವ್ಯವಸ್ಥೆ, ಇಲ್ಲವೇ ಇಲ್ಲ. ಇನ್ನೊಂದು ಮಾತು: ಎರಡು ಡೇಟಾಬೇಸ್, ಒಂದೇ ಜೆವಿಎಂ (ಓಡುತ್ತಿರುವ ಒಂದೇ ಜಾವಾ ಪ್ರೋಗ್ರಾಂ) ಎಂದರೆ ಈ ಜೆಟಿಎಸ್ ಬೇಡ, ಅದಕ್ಕಿಂತ ಸರಳವಾದ ಜೆಟಿಎ ಸಾಕು. ಇಷ್ಟು ಹೇಳಿ ನಾನೇ ಎಷ್ಟೋ ಗಿರಾಕಿಗಳನ್ನು ಕಳೆದುಕೊಂಡಿದ್ದೇನೆ.

ಹಾವೇರಿ ಕಡೆಯ ಒಬ್ಬ ವ್ಯಾಪಾರಿಯಲ್ಲಿ ದಾಸ್ತಾನು ಒಂದು ಸರ್ವರ್‌ನಲ್ಲಿ, ಪಾವತಿ ಇನ್ನೊಂದರಲ್ಲಿ. ನಡುವೆ ಕರೆಂಟ್ ಹೋಯಿತು. ಮರುದಿನ ಪೋಸ್ಟ್‌ಗ್ರೆಸ್‌ನಲ್ಲಿ ಪಾವತಿ ಪ್ರಿಪೇರ್ ಸ್ಥಿತಿಯಲ್ಲೇ ಲಾಕ್ ಹಿಡಿದು ಕೂತಿತ್ತು. ಅದು ಡೇಟಾಬೇಸ್ ರೀಸ್ಟಾರ್ಟ್‌ಗೂ ಜಗ್ಗುವುದಿಲ್ಲ. ಅಲ್ಲಿನ ಹುಡುಗ, ಬಹಳ ಚುರುಕು, ಕೋಆರ್ಡಿನೇಟರ್ ಲಾಗ್ ಬರೆಯುವ ಆಬ್ಜೆಕ್ಟ್ ಸ್ಟೋರ್ ಫೋಲ್ಡರನ್ನೇ ಅಳಿಸಿದ್ದ. "ಹಳೇ ಕಸ ಅನ್ಕೊಂಡ್ನಿ ಸರ್." ಆ ಕಸದಲ್ಲೇ ತೀರ್ಪು ಇತ್ತಪ್ಪಾ! ದಾಸ್ತಾನು ಕಮಿಟ್ ಆಗಿದೆ, ಪಾವತಿ ನೇತಾಡುತ್ತಿದೆ, ಏನು ಮಾಡಬೇಕೆಂದು ಹೇಳುವವರಿಲ್ಲ.

ಕಡೆಗೆ ಅಂಗಡಿಯ ಹಿರಿಯ ಗುಮಾಸ್ತರು ಕೆಂಪು ಬಟ್ಟೆಯ ಖಾತೆ ಕಿರ್ದಿ ತೆಗೆದರು. ಅವರು ಒಂದೊಂದೇ ಪಟ್ಟಿ ಓದುತ್ತ ಹೋದರು, ನಾನು ಒಂದೊಂದನ್ನೇ ಕೈಯಾರೆ ಕಮಿಟ್ ಮಾಡುತ್ತ ಹೋದೆ. ಮಧ್ಯಾಹ್ನ ಮೂರು ಗಂಟೆಗೆ ಮುಗಿಯಿತು. "ನಿಮ್ಮ ಮಷೀನಿಗೂ ನನ್ನ ಕಿರ್ದೀನ ಬೇಕಾತಲ್ರಿ," ಎಂದು ನಕ್ಕು ಚಹಾ ತರಿಸಿದರು.