ಪದ ಪರಿಚಯ: ಆಕರ ಜೀನೋಮ್

ಪುಣೆಯಲ್ಲಿ ಬೆಳೆದ ಕನ್ನಡದ ಮಕ್ಕಳಿಗೆ ಜೀವವಿಜ್ಞಾನ ಹೇಳಿಕೊಡುವಾಗ ನನಗೆ ಮತ್ತೆ ಮತ್ತೆ ಎದುರಾಗುವ ಪದಗಳಲ್ಲಿ ‘ರೆಫರೆನ್ಸ್ ಜೀನೋಮ್’ ಒಂದು. ಇದನ್ನು ಕನ್ನಡದಲ್ಲಿ ಹೇಳಿ ಎಂದರೆ, ಶಾಲೆಯಲ್ಲಿ ಮರಾಠಿ ಓದಿದವರು ಆ ಭಾಷೆಯ ‘ಸಂದರ್ಭ ಗ್ರಂಥ’ದ ಜಾಡು ಹಿಡಿದು ‘ಸಂದರ್ಭ ಜೀನೋಮ್’ ಎನ್ನುತ್ತಾರೆ. ಕನ್ನಡದಲ್ಲಿ ಸಂದರ್ಭವೆಂದರೆ ಪ್ರಸಂಗ, ಸನ್ನಿವೇಶ ಎಂದಾಗುವುದರಿಂದ ಅರ್ಥ ಕೂಡುವುದಿಲ್ಲ. ಬೇರೆ ಕೆಲವರು ‘ಆದರ್ಶ ಜೀನೋಮ್’ ಎನ್ನುತ್ತಾರೆ. ಇದು ಇನ್ನೂ ದೊಡ್ಡ ತಪ್ಪಿಗೆ ದಾರಿ ಮಾಡುತ್ತದೆ, ಏಕೆಂದರೆ ಆ ಪ್ರಭೇದದ ಎಲ್ಲ ಜೀವಿಗಳೂ ಅದರಂತೆಯೇ ಇರಬೇಕು, ಇಲ್ಲದಿದ್ದರೆ ಅವುಗಳಲ್ಲಿ ಕೊರತೆಯಿದೆ ಎಂಬ ಭಾವ ಆ ಪದದಲ್ಲೇ ಅಡಗಿದೆ. ನಾನು ‘ಆಕರ ಜೀನೋಮ್’ ಎಂಬ ರೂಪವನ್ನು ಆರಿಸಿಕೊಂಡಿರುವುದು ‘ಆಕರ ಗ್ರಂಥ’ ಎಂಬ ಬಳಕೆಯ ಬಲದ ಮೇಲೆ. ಆಕರ ಗ್ರಂಥವನ್ನು ನಾವು ತೆರೆದು ನೋಡುತ್ತೇವೆ, ಅದರ ಪುಟಸಂಖ್ಯೆಯನ್ನು ಉಲ್ಲೇಖಿಸುತ್ತೇವೆ, ಬೇರೆ ಪಾಠಗಳನ್ನು ಅದರ ಪಕ್ಕದಲ್ಲಿಟ್ಟು ಹೋಲಿಸುತ್ತೇವೆ. ಅದರಲ್ಲಿ ತಪ್ಪು ಕಂಡರೆ ತಿದ್ದುತ್ತೇವೆ.

ಜೀನೋಮ್ ಎಂದರೆ ಒಂದು ಜೀವಿಯ ಜೀವಕೋಶದಲ್ಲಿರುವ ಡಿಎನ್‌ಎಯ ಪೂರ್ಣ ಪಾಠ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದಿರುವ ಈ ಪಾಠ ಮನುಷ್ಯನಲ್ಲಿ ಸುಮಾರು 300 ಕೋಟಿ ಅಕ್ಷರಗಳಷ್ಟು, ನಾಗರಹಾವಿನಲ್ಲಿ ಸುಮಾರು 180 ಕೋಟಿಯಷ್ಟು, ಆಸ್ಟ್ರೇಲಿಯದ ಶ್ವಾಸಕೋಶದ ಮೀನಿನಲ್ಲಿ ಸುಮಾರು 4,300 ಕೋಟಿಯಷ್ಟು ಉದ್ದವಿದೆ. ಒಂದು ಪ್ರಭೇದಕ್ಕೆ ಸೇರಿದ, ಸಾಮಾನ್ಯವಾಗಿ ಒಂದೇ ಒಂದು ಪ್ರಾಣಿಯ ಅಥವಾ ಗಿಡದ ಡಿಎನ್‌ಎಯನ್ನು ಆದಷ್ಟು ಪೂರ್ಣವಾಗಿ ಓದಿ, ವರ್ಣತಂತುಗಳ ಕ್ರಮದಲ್ಲಿ ಜೋಡಿಸಿ, ಜೀನುಗಳು ಎಲ್ಲೆಲ್ಲಿವೆ ಎಂದು ಗುರುತು ಹಾಕಿ, ಮುಂದೆ ಆ ಪ್ರಭೇದದ ಬಗ್ಗೆ ಕೆಲಸ ಮಾಡುವ ಎಲ್ಲರೂ ಬಳಸುವಂತೆ ಇಟ್ಟ ಪ್ರತಿಯೇ ಆಕರ ಜೀನೋಮ್.

ಪುಣೆಯವರಿಗೆ ಇದನ್ನು ವಿವರಿಸಲು ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಅಲ್ಲಿ 1919ರಲ್ಲಿ ಆರಂಭವಾಗಿ 1966ರಲ್ಲಿ ಮುಗಿದ ಮಹಾಭಾರತದ ಪರಿಷ್ಕೃತ ಆವೃತ್ತಿಗಾಗಿ 1,259 ಹಸ್ತಪ್ರತಿಗಳನ್ನು ಹೋಲಿಸಿ, ಪಾಠವನ್ನು ನಿರ್ಧರಿಸಿ, ಪಾಠಾಂತರಗಳನ್ನು ಅಡಿಟಿಪ್ಪಣಿಗಳಲ್ಲಿ ಕೊಟ್ಟರು. ಆಕರ ಜೀನೋಮಿನ ಕೆಲಸ ಇದರ ತಿರುಗುಮುರುಗು ಎನ್ನಬಹುದು: ಇಲ್ಲಿ ಮೊದಲು ಒಂದೇ ಹಸ್ತಪ್ರತಿಯನ್ನು ಆರಿಸಿ, ಅದರ ತಪ್ಪೊಪ್ಪುಗಳ ಸಮೇತ ಅಕ್ಷರ ಬಿಡದೆ ಓದಿ, ಆಮೇಲೆ ಉಳಿದ ಪ್ರತಿಗಳ ಪಾಠಾಂತರಗಳನ್ನು ಅದರ ಎದುರಿಗೆ ಗುರುತಿಸುತ್ತಾರೆ. ಆದ್ದರಿಂದ ಆಕರ ಜೀನೋಮಿನಲ್ಲಿರುವ ಅಕ್ಷರವೇ ಮೂಲ, ಬೇರೆ ಜೀವಿಯಲ್ಲಿರುವುದು ಅದರಿಂದಾದ ವಿಕಾರ ಎಂದು ತಿಳಿಯಬಾರದು. ಮೊದಲು ಓದಿದ ಪ್ರಾಣಿಯಲ್ಲೇ ಅಪರೂಪದ ಪಾಠವಿದ್ದಿರಬಹುದು.

ಓದುವುದು ಎಂದೆನಾದರೂ, ಒಂದು ವರ್ಣತಂತುವನ್ನು ಮೊದಲಿಂದ ಕೊನೆಯವರೆಗೆ ಒಂದೇ ಸಲಕ್ಕೆ ಓದುವ ಯಂತ್ರ ಇಂದಿಗೂ ಇಲ್ಲ. ಒಂದೇ ಓಲೆಕಟ್ಟಿನ ಹಲವಾರು ನಕಲುಗಳನ್ನು ಬೇರೆ ಬೇರೆ ಜಾಗಗಳಲ್ಲಿ ಹರಿದು ಒಟ್ಟಿಗೆ ಕಲಸಿ, ಒಂದು ತುಂಡಿನ ಕೊನೆಯ ಸಾಲು ಇನ್ನೊಂದು ತುಂಡಿನ ಮೊದಲ ಸಾಲಾಗಿರುವುದನ್ನು ಹುಡುಕಿ ಜೋಡಿಸುತ್ತಾ ಹೋದಂತೆ ಈ ಕೆಲಸ ನಡೆಯುತ್ತದೆ. ಪ್ರತಿ ಅಕ್ಷರವೂ ಸರಾಸರಿ ಮೂವತ್ತು ಬಾರಿಯಾದರೂ ಓದಿಗೆ ಸಿಗುವಷ್ಟು ತುಂಡುಗಳನ್ನು ಓದುವುದು ರೂಢಿ. ಜೋಡಣೆ ಕಷ್ಟವಾಗುವುದು ಜೀನೋಮಿನಲ್ಲಿ ಒಂದೇ ಮಾತು ಸಾವಿರಾರು ಕಡೆ ಮರುಕಳಿಸುವುದರಿಂದ. ಬಸವಣ್ಣನವರ ವಚನಗಳ ಕಟ್ಟನ್ನು ಹೀಗೆ ಹರಿದರೆ, ‘ಕೂಡಲಸಂಗಮದೇವಾ’ ಎಂಬ ಅಂಕಿತ ಮಾತ್ರ ಉಳಿದ ತುಂಡು ಯಾವ ವಚನದ್ದೆಂದು ಯಾರೂ ಹೇಳಲಾರರು. ಅಂಕಿತದ ಜೊತೆ ಹಿಂದಿನ ಸಾಲೂ ಮುಂದಿನ ವಚನದ ಆರಂಭವೂ ಒಂದೇ ತುಂಡಿನಲ್ಲಿದ್ದರೆ ಮಾತ್ರ ಅದರ ಜಾಗ ತಿಳಿಯುತ್ತದೆ. ಯಂತ್ರ ಒಂದು ಸಲಕ್ಕೆ ಓದಿಕೊಡುವ ತುಂಡಿಗೆ ‘ಓದು’ ಎಂದು ಹೆಸರು. ಸುಮಾರು 150 ಅಕ್ಷರಗಳ ಕಿರು ಓದುಗಳು ಅಂಕಿತವನ್ನು ದಾಟುವುದಿಲ್ಲ. ಹತ್ತಿಪ್ಪತ್ತು ಸಾವಿರ ಅಕ್ಷರಗಳನ್ನು ನಿಖರವಾಗಿ ಕೊಡುವ, ಕೆಲವು ವಿಧಾನಗಳಲ್ಲಿ ಲಕ್ಷವನ್ನೂ ಮೀರುವ ದೀರ್ಘ ಓದುಗಳು ದಾಟುತ್ತವೆ. 2010ರಲ್ಲಿ ಪ್ರಕಟವಾದ ದೈತ್ಯ ಪಾಂಡಾದ ಜೀನೋಮನ್ನು ಕಿರು ಓದುಗಳಿಂದಲೇ ಜೋಡಿಸಿದ್ದರು. ಅದು ಆ ಕಾಲಕ್ಕೆ ದೊಡ್ಡ ಸಾಧನೆಯೇ ಹೌದು, ಆದರೆ ಸಿಕ್ಕಿದ್ದು ಅಸಂಖ್ಯ ತುಂಡುಗಳ ಪಾಠ. ಮನುಷ್ಯನ ಜೀನೋಮ್ ಯೋಜನೆ ಮುಗಿಯಿತೆಂದು 2003ರಲ್ಲಿ ಸಾರಿದ ಮೇಲೂ ಶೇಕಡಾ 8ರಷ್ಟು ಭಾಗ ಖಾಲಿಯಾಗಿಯೇ ಉಳಿದು, 2022ರಲ್ಲಿ ದೀರ್ಘ ಓದುಗಳಿಂದ ತುಂಬಿತು.

ಹೀಗೆ ಬಿರುಕಿಲ್ಲದೆ ಜೋಡಣೆಯಾದ ತುಂಡಿಗೆ ‘ಕಾಂಟಿಗ್’ ಎಂದು ಹೆಸರು. ಕಾಂಟಿಗುಗಳನ್ನು ಸರಿಯಾದ ಕ್ರಮದಲ್ಲಿ, ನಡುವೆ ತಿಳಿಯದ ಜಾಗ ಬಿಟ್ಟು ನಿಲ್ಲಿಸಿದ ರಚನೆಗೆ ‘ಸ್ಕ್ಯಾಫೋಲ್ಡ್’, ಅಂದರೆ ಕಟ್ಟಡದ ಸಾರುವೆ ಎಂಬ ಹೆಸರು. ಕೋಶಕೇಂದ್ರದೊಳಗೆ ಮಡಚಿಕೊಂಡಿರುವಾಗ ಡಿಎನ್‌ಎಯ ಯಾವ ಭಾಗ ಯಾವುದರ ಪಕ್ಕದಲ್ಲಿತ್ತು ಎಂಬುದನ್ನು ಹಿಡಿದಿಡುವ ‘ಹೈ-ಸಿ’ ಎಂಬ ವಿಧಾನದಿಂದ ಈ ಕ್ರಮ ತಿಳಿಯುತ್ತದೆ. ಭೂಮಿಯ ಮೇಲೆ ಹೆಸರಿಟ್ಟಿರುವ ಎಲ್ಲ ಪ್ರಾಣಿ, ಸಸ್ಯ, ಶಿಲೀಂಧ್ರಗಳ ಜೀನೋಮನ್ನು ಓದಬೇಕೆಂದು 2018ರಲ್ಲಿ ಆರಂಭವಾದ ‘ಅರ್ತ್ ಬಯೋಜೀನೋಮ್’ ಯೋಜನೆ ಆಕರ ಎನ್ನಿಸಿಕೊಳ್ಳಲು ಒಂದು ಮಟ್ಟವನ್ನು ಗೊತ್ತುಮಾಡಿದೆ: ಒಟ್ಟು ಜೀನೋಮಿನ ಅರ್ಧಭಾಗವಾದರೂ 10 ಲಕ್ಷ ಅಕ್ಷರಕ್ಕಿಂತ ಉದ್ದದ ಕಾಂಟಿಗುಗಳಲ್ಲಿರಬೇಕು, ಜೋಡಣೆ ವರ್ಣತಂತುವಿನ ಮಟ್ಟಕ್ಕೆ ತಲುಪಿರಬೇಕು, 10,000 ಅಕ್ಷರಕ್ಕೆ ಒಂದಕ್ಕಿಂತ ಹೆಚ್ಚು ತಪ್ಪಿರಬಾರದು.

ಕಾಡಿನ ಜೀವಿಗಳ ವಿಷಯದಲ್ಲಿ ಯಂತ್ರಕ್ಕಿಂತ ಮೊದಲು ಎದುರಾಗುವ ತೊಡಕು ಮಾದರಿಯದು. ಮಹಾರಾಷ್ಟ್ರದ ರಾಜ್ಯಪ್ರಾಣಿಯಾದ, ಇಲ್ಲಿಯವರು ಶೇಕರು ಎಂದು ಕರೆಯುವ ನಮ್ಮ ಕೆಂದಳಿಲಿಗೆ ಭೀಮಾಶಂಕರದ ಕಾಡಿನಿಂದ ಒಂದು ಆಕರ ಜೀನೋಮ್ ಸಿದ್ಧಪಡಿಸಬೇಕು ಎಂದುಕೊಳ್ಳೋಣ. ಮರದ ಕೆಳಗೆ ಬಿದ್ದ ಕೂದಲು, ಹಿಕ್ಕೆ, ಸಂಗ್ರಹಾಲಯದ ಹಳೆಯ ಚರ್ಮ ಇವುಗಳಲ್ಲಿ ಡಿಎನ್‌ಎ ಇರುತ್ತದೆ, ಆದರೆ ಅದು ಚೂರುಚೂರಾಗಿರುವುದರಿಂದ ದೀರ್ಘ ಓದು ಸಾಧ್ಯವಿಲ್ಲ. ಬೇಕಾಗುವುದು ತಾಜಾ ರಕ್ತ ಅಥವಾ ಅಂಗಾಂಶ. ಅದನ್ನು ತೆಗೆದ ಕೂಡಲೇ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ, ಪ್ರಯೋಗಾಲಯ ಸೇರುವವರೆಗೂ ಕರಗದಂತೆ ಒಯ್ಯಬೇಕು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಇಂಥ ಪ್ರಾಣಿಯನ್ನು ಮುಟ್ಟುವಂತಿಲ್ಲ, ಮುಟ್ಟಲೂ ಬಾರದು. ಚಿಕಿತ್ಸೆಗೆಂದು ತಂದ ಅಥವಾ ಆಗಷ್ಟೇ ಸತ್ತ ಪ್ರಾಣಿಯಿಂದ ಮಾದರಿ ಪಡೆಯುವುದೇ ನನ್ನ ದೃಷ್ಟಿಯಲ್ಲಿ ಸರಿಯಾದ ದಾರಿ. ಸಸ್ತನಿಗಳಲ್ಲಿ ಗಂಡನ್ನೂ ಹಕ್ಕಿಗಳಲ್ಲಿ ಹೆಣ್ಣನ್ನೂ ಆರಿಸುವ ಪರಿಪಾಠವಿದೆ, ಏಕೆಂದರೆ ಎರಡೂ ಬಗೆಯ ಲಿಂಗ ವರ್ಣತಂತುಗಳು ಸಿಗುವುದು ಆಗಲೇ. ಇಷ್ಟಾದರೂ ತಾಯಿಯಿಂದ ಬಂದ ಪಾಠವೂ ತಂದೆಯಿಂದ ಬಂದ ಪಾಠವೂ ಒಂದೇ ಜೀವಕೋಶದಲ್ಲಿ ಬೆರೆತಿರುತ್ತವೆ. ಇವೆರಡರ ನಡುವೆ ಹೆಚ್ಚು ವ್ಯತ್ಯಾಸವಿರುವ ಪ್ರಾಣಿಗಳಲ್ಲಿ, ಒಂದೇ ಜೀನಿನ ಎರಡು ಪ್ರತಿಗಳನ್ನು ಜೋಡಣೆಯ ತಂತ್ರಾಂಶ ಎರಡು ಬೇರೆ ಜೀನುಗಳೆಂದು ಎಣಿಸಿಬಿಡುತ್ತದೆ. ಅದನ್ನು ಪತ್ತೆಹಚ್ಚುವ ತಂತ್ರಾಂಶಗಳಿದ್ದರೂ ಕೊನೆಗೆ ಮನುಷ್ಯನ ಕಣ್ಣೂ ಬೇಕು.

ಇಷ್ಟು ಶ್ರಮದ ಫಲ ಏನೆಂಬುದಕ್ಕೆ ನಮ್ಮ ದೇಶದಲ್ಲೇ ಉದಾಹರಣೆಗಳಿವೆ. 2020ರಲ್ಲಿ ಪ್ರಕಟವಾದ ನಾಗರಹಾವಿನ ಜೀನೋಮಿನಲ್ಲಿ ವಿಷಕ್ಕೆ ಸಂಬಂಧಿಸಿದ 139 ಜೀನುಗಳು ಗುರುತಾದವು, ಅವುಗಳಲ್ಲಿ 19 ಮುಖ್ಯವಾಗಿ ವಿಷಗ್ರಂಥಿಯಲ್ಲೇ ಕೆಲಸ ಮಾಡುವಂಥವು. ಕುದುರೆಗೆ ವಿಷ ಚುಚ್ಚಿ ಪ್ರತಿವಿಷ ಪಡೆಯುವ ಹಳೆಯ ಪದ್ಧತಿಗೆ ಬದಲಿಯನ್ನು ಹುಡುಕುವವರಿಗೆ ಇದು ನಿರ್ದಿಷ್ಟ ಗುರಿ ಕೊಟ್ಟಿತು. ಒಡಿಶಾದ ಸಿಮಿಲಿಪಾಲದ ‘ಕಪ್ಪು’ ಹುಲಿಗಳಲ್ಲಿ ಪಟ್ಟೆಗಳು ಅಗಲವಾಗಿ ಕೂಡಿಕೊಳ್ಳಲು ಟ್ಯಾಕ್‌ಪೆಪ್ ಎಂಬ ಜೀನಿನ ಒಂದೇ ಒಂದು ಅಕ್ಷರದ ಬದಲಾವಣೆ ಕಾರಣವೆಂದು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ಉಮಾ ರಾಮಕೃಷ್ಣನ್ ಅವರ ತಂಡ 2021ರಲ್ಲಿ ತೋರಿಸಿತು. ಹೋಲಿಸಲು ಆಕರವೊಂದು ಇಲ್ಲದಿದ್ದರೆ, ಕೋಟಿಗಟ್ಟಲೆ ಅಕ್ಷರಗಳ ನಡುವೆ ಆ ಒಂದನ್ನು ಗುರುತಿಸುವ ದಾರಿಯೇ ಇರುತ್ತಿರಲಿಲ್ಲ. ಆಕರಕ್ಕೆ ಸಾಲದ ಹಿಕ್ಕೆ, ಕೂದಲುಗಳಿಗೂ ಬೆಲೆ ಬರುವುದು ಇಲ್ಲಿಯೇ: ಆಕರ ಒಮ್ಮೆ ಸಿದ್ಧವಾದರೆ, ಅವುಗಳಲ್ಲಿನ ಚೂರು ಓದುಗಳನ್ನು ಅದರ ಮೇಲೆ ಕೂರಿಸಿ, ಒಂದು ಕಾಡಿನಲ್ಲಿ ಒಳಸಂತಾನ, ಅಂದರೆ ಹತ್ತಿರದ ರಕ್ತಸಂಬಂಧಿಗಳ ನಡುವಿನ ಸಂತಾನ, ಎಷ್ಟಾಗಿದೆ ಎಂದು ತಿಳಿಯಬಹುದು.

ಆದರೆ ಎಲ್ಲ ಓದುಗಳೂ ಕೂರುವುದಿಲ್ಲ. ದೀರ್ಘಕಾಲ ಬಳಕೆಯಲ್ಲಿದ್ದ ಮನುಷ್ಯನ ಆಕರ ಜೀನೋಮಿನ ಸುಮಾರು ಶೇಕಡಾ 70 ಭಾಗ ಒಬ್ಬನೇ ವ್ಯಕ್ತಿಯಿಂದ ಬಂದದ್ದು. ಆ ಕೊರತೆ ನೀಗಲೆಂದು 2023ರಲ್ಲಿ 47 ಜನರ ಜೀನೋಮುಗಳನ್ನು ಒಟ್ಟಿಗೆ ಹೆಣೆದ ‘ಪ್ಯಾನ್‌ಜೀನೋಮ್’ ಕರಡು ಹೊರಬಂತು. ಬಹುತೇಕ ಕಾಡುಜೀವಿಗಳಿಗೆ ಅಂಥ ಭಾಗ್ಯ ಇನ್ನೂ ಇಲ್ಲ. ಕೆಂದಳಿಲಿನ ಮೈಬಣ್ಣ ಪಶ್ಚಿಮ ಘಟ್ಟದ ಉದ್ದಕ್ಕೂ ಊರಿಂದೂರಿಗೆ ಬದಲಾಗುತ್ತದೆ. ದಕ್ಷಿಣದ ಕಾಡಿನ ಅಳಿಲೊಂದನ್ನು ಆಕರವಾಗಿಟ್ಟುಕೊಂಡು ಭೀಮಾಶಂಕರದ ಅಳಿಲನ್ನು ಓದಿದರೆ, ಎರಡರಲ್ಲೂ ಇರುವ ಭಾಗಗಳು ಸರಿಯಾಗಿ ಕೂರುತ್ತವೆ. ಭೀಮಾಶಂಕರದ್ದರಲ್ಲಿ ಮಾತ್ರ ಇರುವ ಭಾಗಕ್ಕೆ ಆಕರದಲ್ಲಿ ಜಾಗವೇ ಇಲ್ಲದ್ದರಿಂದ, ಅದನ್ನು ಹೊತ್ತ ಓದುಗಳು ‘ಹೊಂದದವು’ ಎಂಬ ಬೇರೆ ಕಡತಕ್ಕೆ ಸೇರುತ್ತವೆ. ಆ ಕಡತವನ್ನು ಅಳಿಸಬೇಡಿ ಎಂದು ನನ್ನ ವಿದ್ಯಾರ್ಥಿಗಳಿಗೆ ಮೊದಲ ದಿನವೇ ಹೇಳುತ್ತೇನೆ.